ಮಳೆಗಾಲದಲ್ಲಿ ಯಾವ ದಾರಿ?

(ಅಂತಿಮ ಬಿ.ಎ. ತರಗತಿಯಿಂದ)

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂದು ಹೆಸರೆತ್ತಿದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಬರ. ಅದೇನೂ ಸುಳ್ಳಲ್ಲ. ಮುಗಿಲು ನೋಡಿ ಕಣ್ಣು ನೋಯಿಸಿಕೊಳ್ಳುವವರ ಸೀಮೆಯಲ್ಲಿ ಕುಳಿತು, ಮಳೆಯಲ್ಲಿ ಸೈಕಲ್ಲು ಬಿಡುವುದಕ್ಕೆ ಯಾವ ದಾರಿ ಲೇಸು ಎಂದು ಪ್ರಬಂಧ ಬರೆಯಹೊರಟರೆ ಸಹಪಾಠಿಗಳು ನಗುವುದು ಸಹಜ. ಆದರೆ ಬರದ ಸೀಮೆಯ ಮಳೆಯ ಗುಣವೇ ಬೇರೆ. ಮಲೆನಾಡಿನ ಮಳೆಯ ಹಾಗೆ ಅದು ಜೂನ್‌ನಲ್ಲಿ ಬಂದು ಮನೆಯಳಿಯನಂತೆ ಮೂರು ತಿಂಗಳು ಕೂರುವುದಿಲ್ಲ. ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೆಯ ವಾರದವರೆಗೆ, ಸಾಲ ಕೊಟ್ಟವನು ಬಾಗಿಲು ಬಡಿದಂತೆ ಸಂಜೆ ಹೊತ್ತು ಬಂದು, ಒಂದೇ ರಾತ್ರಿಯಲ್ಲಿ ವರ್ಷದ ಲೆಕ್ಕವನ್ನೆಲ್ಲ ಚುಕ್ತಾ ಮಾಡಿಕೊಂಡು ಹೋಗುತ್ತದೆ. ಬೆಳಿಗ್ಗೆ ನೋಡಿದರೆ ನಿನ್ನೆ ಇದ್ದ ದಾರಿ ಇಂದು ಇರುವುದಿಲ್ಲ. ಕಾಲೇಜಿನಲ್ಲಿ ಕಿರುಪರೀಕ್ಷೆಗಳು ಬರುವುದೂ ಆ ದಿನಗಳಲ್ಲಿಯೆ!

ನಮ್ಮ ಊರು ಬಲಸಮುದ್ರ. ಹೆಸರಿನಲ್ಲಿ ಸಮುದ್ರವಿರುವ ಊರುಗಳು ಈ ಕಡೆ ಅನೇಕ. ಕೆರೆ ಕಟ್ಟಿಸಿದ ಹಿರಿಯರು ಅದನ್ನು ಸಮುದ್ರವೆಂದೇ ಕರೆದು ಸಂತೋಷಪಟ್ಟರು. ಅಷ್ಟು ನೀರು ನಿಂತೀತೆಂಬ ಆಸೆ ಅವರಿಗೆ ಇದ್ದಿರಬೇಕು. ನಮ್ಮ ಮನೆ ಊರೊಳಗಿಲ್ಲ, ಹೊಲದಲ್ಲಿದೆ. ಬಸ್ಸು ಹತ್ತಬೇಕಾದರೆ ಹತ್ತಿರದ ದಾರಿಯಲ್ಲಿ 3 ಕಿಲೋಮೀಟರಿಗೆ ಮೇಲೆ ಹೋಗಬೇಕು. ನನಗೊಂದು ಸೈಕಲ್ಲುಂಟು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುತ್ತಿದ್ದ, 2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಬಂದದ್ದು. ತಂಗಿಯದು ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡದ್ದು. ಎರಡಕ್ಕೂ ಗೇರಿಲ್ಲ, ಹಿಂದಿನ ಬ್ರೇಕು ಮಳೆಯಲ್ಲಿ ನೆನೆದರೆ ಅದೂ ಇಲ್ಲ.

ತಂಗಿ ಪಿ.ಯು.ಸಿ.ಗೆ ಸೇರಿದ ವರ್ಷ ಅಪ್ಪ ಒಂದು ಮಾತು ಹೇಳಿದರು: "ಮಳೆ ನಿಲ್ಲೋಗಂಟ ಅವ್ಳು ಮನೇಲಿರ್ಲಿ. ಆಮೇಲೆ ಓಗ್ಲಿ." ಕೇಳುವುದಕ್ಕೆ ಇದು ಕರುಣೆಯ ಮಾತು. ಆದರೆ ಮಳೆಗಾಲದಲ್ಲಿ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು ಮಳೆ ನಿಂತ ಮೇಲೆ ಕಡಲೆಕಾಯಿ ಕೀಳುವುದಕ್ಕೆ ಉಳಿಯುತ್ತಾರೆ, ಅದಾದ ಮೇಲೆ ಯಾರದೋ ಮದುವೆಗೆ ಉಳಿಯುತ್ತಾರೆ, ಕಡೆಗೆ ತಮ್ಮದೇ ಮದುವೆಗೆ. ನೂರಕ್ಕೆ 75 ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನಾನು ಹೇಳಿದೆ. ಅವ್ವ ಒಲೆಯ ಮುಂದಿನಿಂದಲೇ, "ಅವನು ಓದಿದೋನಲ್ವ, ದಾರಿ ಅವನೇ ನೋಡಿ ಯೋಳ್ಲಿ" ಎಂದಳು. ಅಪ್ಪ ಒಪ್ಪಿದರು. ಕರಾರು ಇಷ್ಟು: ರಾತ್ರಿ ಮಳೆಯಾದರೆ ಬೆಳಿಗ್ಗೆ ನಾನು ದಾರಿ ನೋಡಿ ಬರಬೇಕು, ನಾನು ಬೇಡವೆಂದ ದಿನ ಅವಳು ಹೋಗಕೂಡದು. ಬೇಡವೆಂದರೆ ಒಂದು ಹಾಜರಿ ಹೋಯಿತು. ಹೋಗು ಎಂದು ಏನಾದರೂ ಆದರೆ ಎಲ್ಲವೂ ಹೋಯಿತು. ಇತಿಹಾಸದ ಪಾಠದಲ್ಲಿ ರಾಜರುಗಳಿಗೆ ಎಂಥೆಂಥ ಇಕ್ಕಟ್ಟು ಬಂದವೆಂದು ಓದುತ್ತೇವೆ. ನನಗೆ ಹದಿನೆಂಟಕ್ಕೇ ಇದು ಬಂತು.

ನಮ್ಮಲ್ಲಿ ದಾರಿಗಳಿಗೇನೂ ಬಡತನವಿಲ್ಲ. ಟಾರು ರಸ್ತೆ ಒಂದು, ಸುತ್ತಿ ಬಳಸಿ 9 ಕಿಲೋಮೀಟರು. ಅಚ್ಚುಕಟ್ಟಿನ ನಡುವೆ ಬಂಡಿಜಾಡು, ಎಲ್ಲಕ್ಕಿಂತ ಹತ್ತಿರ. ಕಟ್ಟೆಯ ಏರಿಯ ಮೇಲೊಂದು ಕಾಲುದಾರಿ. ಗುಡ್ಡದ ಬುಡ ಹಿಡಿದು ದನಗಳು ಮಾಡಿಕೊಂಡ ದಾರಿ, ಅದು 5 ಕಿಲೋಮೀಟರು. ಬೇಸಗೆಯಲ್ಲಿ ಯಾರನ್ನು ಕೇಳಿದರೂ ಬಂಡಿಜಾಡನ್ನೇ ತೋರಿಸುತ್ತಾರೆ, ಏಕೆಂದರೆ ಅದು ಹತ್ತಿರ, ಸಮತಟ್ಟು. ಮಳೆ ಬಂದ ಮರುದಿನ ಮಾತ್ರ ಲೆಕ್ಕ ತಿರುಗಾಮುರುಗ. ಸಮತಟ್ಟಾದದ್ದು ಕೆಟ್ಟದ್ದು, ಕಲ್ಲುಮುಳ್ಳಿನ ಏರುದಾರಿಯೇ ಒಳ್ಳೆಯದು.

ಇದಕ್ಕೆ ಕಾರಣ ಮಣ್ಣು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ನಮ್ಮ ಗುಡ್ಡಗಳ ಜಾತಿ ಹೇಳಬೇಕಾಗಿಲ್ಲ, ಎಲ್ಲವೂ ಕಗ್ಗಲ್ಲು. ಆ ಕಲ್ಲು ಬಿಸಿಲು ಮಳೆಗಳಿಗೆ ಸಾವಿರಾರು ವರ್ಷ ಮೈಯೊಡ್ಡಿ ಪುಡಿಯಾಗಿ ಕೆಳಗಿಳಿಯುತ್ತದೆ. ಇಳಿಯುವಾಗ ನೀರು ಅದನ್ನು ಜರಡಿ ಹಿಡಿಯುತ್ತದೆ. ದಪ್ಪ ಗರಸು ಗುಡ್ಡದ ಬುಡದಲ್ಲೇ ನಿಲ್ಲುತ್ತದೆ. ಮರಳು ಬೆರೆತ ಕೆಂಪು ಮಣ್ಣು ನಡುವಿನ ಹೊಲಗಳಲ್ಲಿ ಉಳಿಯುತ್ತದೆ. ಹಿಟ್ಟಿನಂಥ ನಯವಾದ ಜೇಡಿ ಎಲ್ಲಕ್ಕಿಂತ ಕೆಳಗೆ ಹೋಗಿ ಕೆರೆಯ ಅಂಗಳದಲ್ಲಿ, ಅಚ್ಚುಕಟ್ಟಿನಲ್ಲಿ ಕೂರುತ್ತದೆ. ಗರಸಿನಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಜೇಡಿ ನೀರನ್ನು ಹಿಡಿದರೆ ಬಿಡದು. ಆದ್ದರಿಂದ ಭತ್ತಕ್ಕೆ ಯಾವುದು ಒಳ್ಳೆಯ ಮಣ್ಣೋ ಸೈಕಲ್ಲಿಗೆ ಅದು ಕೆಟ್ಟ ಮಣ್ಣು. ಇದನ್ನು ನಾನು ಭೂಗೋಳದ ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಅಪ್ಪನಿಂದ ಕಲಿತೆ. ಅವರು ಚಪ್ಪಲಿ ಬಿಟ್ಟು ದಾರಿಯಲ್ಲಿ ಹಿಮ್ಮಡಿ ಊರುತ್ತಾರೆ. ಹಿಮ್ಮಡಿಯ ಗುಳಿಯಲ್ಲಿ ನೀರು ಒಸರಿದರೆ "ಇನ್ನೂ ಕುಡಿದೈತೆ" ಎನ್ನುತ್ತಾರೆ, ಗುಳಿಯ ಅಂಚು ಪುಡಿಪುಡಿಯಾದರೆ "ಓಗಬೋದು" ಎನ್ನುತ್ತಾರೆ. ಒಂದು ಹಿಡಿ ಮಣ್ಣನ್ನು ಹಿಸುಕಿ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಜೇಡಿಯಾದರೆ ಪಟ್ಟಿಯಂತೆ ಉದ್ದಕ್ಕೆ ಬರುತ್ತದೆ, ಮರಳಾದರೆ ಉದುರಿಹೋಗುತ್ತದೆ. ಮಣ್ಣುವಿಜ್ಞಾನ ಓದಿದವರೂ ಹೊಲಕ್ಕಿಳಿದಾಗ ಇದನ್ನೇ ಮಾಡುತ್ತಾರಂತೆ. ಅಪ್ಪನಿಗೆ ಹೇಳಿದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಜೇಡಿಯ ದಾರಿಯಲ್ಲಿ ಸೈಕಲ್ಲು ಬಿಟ್ಟವರಿಗೆ ಅದರ ಕಷ್ಟವನ್ನು ವರ್ಣಿಸಬೇಕಾಗಿಲ್ಲ. ಬಿಡದವರಿಗೆ ವರ್ಣಿಸಿದರೂ ತಿಳಿಯದು. ಮೊದಲ ಇಪ್ಪತ್ತು ಗಜ ಸುಖವಾಗಿ ಸಾಗುತ್ತದೆ. ಅನಂತರ ಟಯರು ಮಣ್ಣಿನ ಅಂಗಿ ತೊಡುತ್ತದೆ. ಅಂಗಿಯ ಮೇಲೆ ಕೋಟು, ಕೋಟಿನ ಮೇಲೆ ಕಂಬಳಿ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಇದ್ದ ಎರಡು ಬೆರಳಿನ ಸಂದು ತುಂಬಿ ಚಕ್ರ ನಿಂತೇಬಿಡುತ್ತದೆ. ಆಗ ನಾವು ಸೈಕಲ್ಲಿನ ಮೇಲೆ ಹೋಗುವುದು ತಪ್ಪಿ, ಸೈಕಲ್ಲು ನಮ್ಮ ಮೇಲೆ ಹೋಗುತ್ತದೆ. ಹಂಚಿಕಡ್ಡಿಯಿಂದ ಗೀರಿ ತೆಗೆಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಏರಿಯ ದಾರಿ ಹಾಗಲ್ಲ. ಅದರ ಮೇಲೆ ತುಳಿದು ತುಳಿದು ಮಣ್ಣು ಗಟ್ಟಿಯಾಗಿದೆ, ನೀರು ಎರಡು ಕಡೆಗೂ ಇಳಿಯುತ್ತದೆ. ತೊಂದರೆ ಇರುವುದು ಅದರ ಕೊನೆಯಲ್ಲಿ, ಕೋಡಿಯಲ್ಲಿ. ಹತ್ತು ವರ್ಷಕ್ಕೊಮ್ಮೆ ಕೋಡಿ ಬಿದ್ದರೆ ಹೆಚ್ಚು ಎನ್ನುವ ನಮ್ಮ ಜನ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. 2022ರಲ್ಲಿ ಲೆಕ್ಕಕ್ಕೆ ಬಂತು. ಆ ವರ್ಷ ಮರಳೊಣಗಿ ಮಲಗಿದ್ದ ಜಯಮಂಗಲಿ ದಡ ಮುಟ್ಟಿ ಹರಿದಳು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೇಲೆ ಹಾದು ಉತ್ತರ ಪಿನಾಕಿನಿಯನ್ನು ಸೇರುವ ನದಿಯೊಂದು ನಮಗುಂಟೆಂಬುದು ಅನೇಕ ಹುಡುಗರಿಗೆ ಆಗಲೇ ತಿಳಿದದ್ದು. ನಮ್ಮ ಪುಟ್ಟ ಕಟ್ಟೆಯ ಕೋಡಿಯೂ ಹರಿಯಿತು. ಜನ ಹೂವು ಕುಂಕುಮ ತಂದು ಪೂಜೆ ಮಾಡಿದರು. ಪಕ್ಕದ ಹೊಲದವನೊಬ್ಬ ಸಂಭ್ರಮದಲ್ಲಿ ಸೈಕಲ್ಲು ತಳ್ಳಿಕೊಂಡು ಇಳಿದ. ನೀರು ಮೊಣಕಾಲಿಗೆ ಕಡಿಮೆಯೇ ಇತ್ತು. ಆದರೆ ನಿಂತ ನೀರಿನ ಆಳ ಬೇರೆ, ಓಡುವ ನೀರಿನ ಆಳ ಬೇರೆ. ಅಡ್ಡಡ್ಡ ಹಿಡಿದ ಸೈಕಲ್ಲಿನ ಚಕ್ರಗಳಿಗೆ ನೀರು ಬಡಿದು ಸೈಕಲ್ಲು ಮೊದಲು ಮಲಗಿತು, ಬಿಡಲೊಲ್ಲದ ಆ ಮನುಷ್ಯನನ್ನೂ ಹತ್ತು ಮಾರು ಎಳೆದುಕೊಂಡು ಹೋಯಿತು. ಹೊಂಗೆಯ ಬೇರೊಂದು ಕೈಗೆ ಸಿಕ್ಕಿ ಅವನು ಉಳಿದ. ಸೈಕಲ್ಲು ಮೂರನೆಯ ದಿನ ಮರಳಿನಲ್ಲಿ ಸಿಕ್ಕಿತು, ಹ್ಯಾಂಡಲ್ಲಿಗೆ ಸುತ್ತಿದ್ದ ಚೆಂಡುಹೂವಿನ ಸಮೇತ. ಅಪ್ಪನ ಕಣ್ಣಿಗೆ ಅದು ಕಟ್ಟಿಹೋಗಿತ್ತು. ತಂಗಿ ಮನೆಯಲ್ಲಿರಲಿ ಎಂದಾಗ ಅವರು ಬೆಂಡಾದ ಆ ಚಕ್ರವನ್ನೇ ನೋಡುತ್ತಿದ್ದರೆಂದು ನನಗೆ ತಿಳಿದಿತ್ತು. ಆದ್ದರಿಂದಲೇ ವಾದ ಮಾಡಲು ಕಷ್ಟವಾದದ್ದು.

ಹೀಗೆ ಉಳಿದದ್ದು ಗುಡ್ಡದ ಬುಡದ ದಾರಿ. ಗರಸು, ಅಲ್ಲಲ್ಲಿ ಹಾಸುಬಂಡೆ, ಎರಡು ಕಡೆಗೂ ಬಂದರಿಕೆಯ ಪೊದೆ. ಮಳೆ ನಿಂತು ಎರಡು ಗಂಟೆಯಾದರೆ ಸಾಕು, ಅಲ್ಲಿ ಸೈಕಲ್ಲು ಬಿಡಬಹುದು. ಹಾಸುಬಂಡೆ ನೆನೆದಿದ್ದರೂ ಟಯರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನೆರಳಿನಲ್ಲಿ ಪಾಚಿ ಕಟ್ಟಿ ಕಪ್ಪಾದ ಕಡೆ ಎಣ್ಣೆ ಸವರಿದಂತೆ. ಅಲ್ಲಿ ಇಳಿಯಬೇಕು, ಶೂರತನ ತೋರಬಾರದು. ಇನ್ನೊಂದು ಮಾತು. ಆ ದಾರಿ ಬೆಳಿಗ್ಗೆ ಮಾತ್ರ. ಸಂಜೆ ಬೆಳಕು ಕುಗ್ಗಿದ ಮೇಲೆ ಅದು ಕರಡಿಯ ದಾರಿ. ಮಧುಗಿರಿ, ಪಾವಗಡಗಳ ಗುಡ್ಡಗಳಲ್ಲಿ ಕರಡಿ ಎನ್ನುವುದು ಅಜ್ಜಿಯ ಕಥೆಯಲ್ಲ. ಆದ್ದರಿಂದ ತಂಗಿ ಹೋಗುವುದು ಗುಡ್ಡದ ಮೇಲೆ, ಬರುವುದು ಟಾರಿನ ಮೇಲೆ. ಟಾರಿನ ವಿಷಯದಲ್ಲಿ ಹೇಳಬೇಕಾದದ್ದು ಒಂದೇ: ಮೊದಲ ಮಳೆಯ ಮೊದಲ ಅರ್ಧ ಗಂಟೆ ಅದರ ಮೇಲಿನ ಎಣ್ಣೆ ಜಿಡ್ಡು ಎದ್ದು ಜಾರುತ್ತದೆ, ಆಮೇಲೆ ತೊಳೆದುಹೋಗುತ್ತದೆ.

ಹೋದ ವರ್ಷ ಒಂದು ಭಾನುವಾರ ಬೆಂಗಳೂರಿನ ಕಡೆಯ ಇಬ್ಬರು ದಪ್ಪ ಟಯರಿನ ಬೆಟ್ಟದ ಸೈಕಲ್ಲುಗಳಲ್ಲಿ ಬಂದು ನಮ್ಮ ಮನೆಯ ಮುಂದೆ ನೀರು ಕೇಳಿದರು. ಆ ಒಂದೊಂದು ಸೈಕಲ್ಲಿನ ಬೆಲೆಗೆ ನಮ್ಮ ಜೋಡಿ ಎತ್ತು ಬಂದು, ಮೇಲೆ ಮೇವಿಗೂ ಉಳಿಯುತ್ತಿತ್ತು! ಹಿಂದಿನ ದಿನ ಮಳೆಯಾಗಿತ್ತು. ಅವರು ಕೇಳಿದ ಪ್ರಶ್ನೆಯಿಂದ ನನಗೆ ಅವರ ಮೇಲೆ ಗೌರವ ಬಂತು: "ಜೇಡಿ ಇಲ್ಲದ ದಾರಿ ಯಾವುದು?" ಗುಡ್ಡದ ದಾರಿ ತೋರಿಸಿದೆ. ಆಮೇಲೆ ಕುತೂಹಲದಿಂದ ಓದಿ ತಿಳಿದುಕೊಂಡೆ. ಈ ಬೆಟ್ಟದ ಸೈಕಲ್ಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಹುಟ್ಟಿತು. ಟಮಾಲ್ಪಾಯಿಸ್ ಎಂಬ ಬೆಟ್ಟದ ಸುತ್ತಿನ ಹುಡುಗರು ಗುಜರಿಗೆ ಹೋಗಬೇಕಾಗಿದ್ದ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ತಂದು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರಲ್ಲಿ ಅಲ್ಲಿ ಒಂದು ಪಂದ್ಯ ಆರಂಭವಾಯಿತು. ಒಂದು ಸಲ ಇಳಿದರೆ ಹಿಂಬದಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. ಅದರಿಂದಲೇ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು. ಎಂದರೆ ಹಳೆಯ ಸೈಕಲ್ಲು, ಕೆಟ್ಟ ಬ್ರೇಕು, ಕೆಟ್ಟ ದಾರಿ. ಈ ಮೂರೂ ನಮ್ಮಲ್ಲಿ ಮೊದಲಿನಿಂದ ಇದ್ದವು, ಪಂದ್ಯವೊಂದು ಹೊಳೆಯಲಿಲ್ಲ.

ಅವರಲ್ಲಿ ಈಗ ಒಂದು ನಿಯಮ ರೂಢಿಗೆ ಬಂದಿದೆ: ದಾರಿ ಮೆತ್ತಗಿದ್ದು ಚಕ್ರದ ಗೀರು ಉಳಿಯುವಂತಿದ್ದರೆ ಅಲ್ಲಿ ಸೈಕಲ್ಲು ಬಿಡಬೇಡಿ, ಗುಂಡಿಯಲ್ಲಿ ನೀರಿದ್ದರೆ ಪಕ್ಕಕ್ಕೆ ಸುತ್ತದೆ ನಡುವೆಯೇ ಹೋಗಿ, ಸುತ್ತಿದರೆ ದಾರಿ ಅಗಲವಾಗುತ್ತ ಹೋಗುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಬಂಡಿಜಾಡಿನ ಪಕ್ಕ ಅವರ ಕಡಲೆಕಾಯಿ ಹೊಲ. ಮಳೆಗಾಲದಲ್ಲಿ ಗುಂಡಿ ತಪ್ಪಿಸಲು ಮೊದಲು ಒಬ್ಬ ಅವರ ಬದು ಹತ್ತುತ್ತಾನೆ, ಮರುದಿನ ಬೈಕು, ಅದರ ಮರುದಿನ ಟ್ರ್ಯಾಕ್ಟರು. ನಾಲ್ಕು ವರ್ಷದಲ್ಲಿ ದಾರಿ ಎರಡು ಸಾಲು ಹೊಲ ತಿಂದಿತು. "ಗುಂಡಿ ತಪ್ಪಿಸ್ಕೊಂಡು ಓಗಿದ್ದು ನೀವು, ಗುಂಡೀಗ್ ಬಿದ್ದಿದ್ದು ನಾನು ಕಣಪ್ಪ" ಎಂದು ಅವರು ನನ್ನೆದುರಿಗೆ ಹೇಳಿದ್ದುಂಟು. ಹಸಿ ಮಣ್ಣಿನ ಮೇಲಿನ ಚಕ್ರದ ಗೀರು ಒಣಗಿ ಗಟ್ಟಿಯಾಗುತ್ತದೆ, ಮುಂದಿನ ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ, ಗೀರು ಕೊರಕಲಾಗುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಕೆಡುವುದು ಆಟದ ದಾರಿ, ನಮ್ಮಲ್ಲಿ ಕೆಡುವುದು ಬದು.

ಸೈಕಲ್ಲಿನ ಸಿದ್ಧತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆತ್ತನೆಯ ನೆಲದಲ್ಲಿ ಟಯರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚುವುದು ನಿಜ, ಆದರೆ ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನು ಗಾಳಿ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬು ಸೀಳುತ್ತದೆ. ಜಾಲಿಮುಳ್ಳನ್ನು ಮಳೆನೀರು ತಂದು ದಾರಿಯ ತಗ್ಗಿನಲ್ಲೇ ಗುಡ್ಡೆ ಹಾಕುತ್ತದೆ. ಹರಿದ ನೀರು ಎಲ್ಲಿ ನಿಂತಿತ್ತೋ ಅಲ್ಲಿ ಕಣ್ಣಿಟ್ಟು ಹೋಗಬೇಕು. ನೆನೆದ ರಿಮ್ಮಿಗೆ ಬ್ರೇಕು ಹಿಡಿಯುವುದಕ್ಕೆ ಮೊದಲು ನಾಲ್ಕು ಸುತ್ತು ಬೇಕು.

ಕಳೆದ ಮಳೆಗಾಲದಲ್ಲಿ ನಾನು ಬೇಡವೆಂದದ್ದು ಒಂಬತ್ತು ದಿನ. ತಂಗಿಯ ಹಾಜರಿ ನೂರಕ್ಕೆ 81ಕ್ಕೆ ನಿಂತಿತು. ಒಂಬತ್ತರಲ್ಲಿ ಎರಡು ದಿನ ಹೋಗಬಹುದಾಗಿತ್ತೆಂದು ಅವಳ ವಾದ. ಆ ಎರಡು ದಿನವೂ ಮೋಡ ಗುಡ್ಡದ ಆಚೆ ಸುರಿದಿತ್ತು, ಹಳ್ಳ ಯಾವಾಗ ಬರುತ್ತದೆಂದು ಹೇಳಲಾಗುತ್ತಿರಲಿಲ್ಲ ಎಂದು ನನ್ನ ವಾದ. ಈ ವಿಷಯದಲ್ಲಿ ನಮ್ಮಿಬ್ಬರಿಗೆ ಇಂದಿಗೂ ರಾಜಿಯಾಗಿಲ್ಲ. ಅವಳು ಪಠ್ಯದ ಹಿಂದಿನ ಹಾಳೆಯಲ್ಲಿ ತಾರೀಖು ಹಾಕಿ, ಎಷ್ಟು ಹೊತ್ತು ಮಳೆ, ನಿಂತು ಎಷ್ಟು ಹೊತ್ತಾಯಿತು, ಯಾವ ದಾರಿ ಹೇಗಿತ್ತು ಎಂದು ಬರೆದಿಡುತ್ತಾಳೆ. ನಾನೇನನ್ನೂ ಬರೆದಿಡಲಿಲ್ಲ, ಅಪ್ಪನ ಹಾಗೆ.

ಈ ವರ್ಷ ನನ್ನ ಓದು ಮುಗಿಯುತ್ತದೆ. ಕೆಲಸವೆಲ್ಲಿಯೋ ತಿಳಿಯದು, ಊರಿನಲ್ಲಂತೂ ಇಲ್ಲ. ತಂಗಿ ಬಿ.ಎ.ಗೆ ಇದೇ ಕಾಲೇಜಿಗೆ ಸೇರಬೇಕೆಂದಿದ್ದಾಳೆ. "ಬರೋ ವರ್ಸ ದಾರಿ ನೋಡೋರ್ಯಾರು?" ಎಂದು ಅಪ್ಪ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದರು. ನನ್ನನ್ನು ನೋಡಿಯೇ ಕೇಳಿದ್ದು. ತಂಗಿ ತಟ್ಟೆಯಿಂದ ತಲೆಯೆತ್ತದೆ, ಕೋಡಿಯ ಪಕ್ಕದ ಕಲ್ಲಿಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದಲ್ಲಿ ತಾನು ಗೀಟು ಎಳೆದು ಬಂದಿರುವುದಾಗಿಯೂ, ಗೀಟು ಮುಳುಗಿದ ದಿನ ತಾನು ಏರಿಯ ಕಡೆ ತಲೆ ಹಾಕುವುದಿಲ್ಲವೆಂದೂ ಹೇಳಿದಳು. ಗೀಟು ಎಷ್ಟು ಎತ್ತರದಲ್ಲಿದೆ ಎಂದು ಅಪ್ಪ ಕೇಳಿದರು. "ನನ್ನ ಮೀನಖಂಡದ ಮಟ್ಟ" ಎಂದಳು. ಅಪ್ಪ ಮುದ್ದೆ ಮುರಿಯುತ್ತ, "ನಾಲ್ಕು ಬೆಳ್ಳು ಇಳ್ಸು" ಎಂದರು.