ಕಬ್ಬೂರಿನಿಂದ ಬಲ್ಮಠದವರೆಗೆ

ಚಿಕ್ಕೋಡಿ ತಾಲೂಕಿನ ನಮ್ಮ ಕಬ್ಬೂರು ಯಾತ್ರಾಸ್ಥಳವಲ್ಲ. ನಿಪ್ಪಾಣಿಯಿಂದ ಮುಧೋಳಕ್ಕೆ ಹೋಗುವ ಹಾದಿಯಲ್ಲಿ ಮೋಟಾರುಗಳು ಒಂದು ಗಳಿಗೆ ನಿಂತು ಮುಂದಕ್ಕೆ ಸಾಗುವ ಊರು. ಕಬ್ಬಿನ ಊರೆಂದು ನಾವು ತಿಳಿದುಕೊಂಡು ಬಂದಿರುವ ಈ ಹೆಸರು ಮಾರ್ಗಶಿರ ಮಾಸದಲ್ಲಿ ಸಾರ್ಥಕವಾಗುವದು. ಎತ್ತ ನೋಡಿದರೂ ಕಬ್ಬು. ಕಬ್ಬು ಕಡಿಯುವವರ ಗುಡಿಸಲುಗಳು. ಹಾದಿಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಹೋದ ವರ್ಷ ಇಂಥದೊಂದು ಸಾಯಂಕಾಲ ಕಾಲೇಜಿನಲ್ಲಿ ಓದುವ ನಮ್ಮ ತಮ್ಮನ ಮಗನು ಕಟ್ಟೆಯ ಮೇಲೆ ಕುಳಿತು, “ದೊಡ್ಡಪ್ಪಾ, ಕಬ್ಬು ಅನ್ನೂದು ಸಂಸ್ಕೃತದಿಂದ ಬಂದದ್ದೇನ್ರಿ?” ಎಂದು ಕೇಳಿದನು.

ಸಂಸ್ಕೃತದಲ್ಲಿ ಇದಕ್ಕೆ ಇಕ್ಷು ಎಂದು ಹೆಸರು; ಕಬ್ಬಿಗೂ ಅದಕ್ಕೂ ನಂಟಿಲ್ಲ. ನಾವು ಒಳಗೆ ಹೋಗಿ ಕಿಟ್ಟೆಲರ ನಿಘಂಟನ್ನು ತಂದು ಹಳಗನ್ನಡದ ಕರ್ಬು, ತಮಿಳಿನ ಕರುಂಬು ಇವುಗಳ ಬಳಗವನ್ನು ಹುಡುಗನಿಗೆ ವಿವರಿಸಿದೆವು. ಅವನು ಆ ಭಾರವಾದ ಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಪ್ರಶ್ನೆಯನ್ನು ಹಾಕಿದನು: “ಆ ಮನಷ್ಯಾ ಅಷ್ಟು ದೂರದಿಂದ ನಿಘಂಟು ಬರೀಲಿಕ್ಕೇ ಬಂದಿದ್ದನೇನ್ರಿ?”

ಈ ಪ್ರಶ್ನೆಗೆ ಉತ್ತರವು ನಮಗೆ ತಿಳಿಯದೆ ಇರಲಿಲ್ಲ. ಆದರೆ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಕಲಿಸಿದ ನಾವು ಅದನ್ನು ಒಮ್ಮೆಯೂ ಹೇಳಿರಲಿಲ್ಲ. “ಕಿಟ್ಟೆಲರು ಕನ್ನಡಕ್ಕೆ ನಿಘಂಟನ್ನು ಕೊಟ್ಟರು” ಎಂಬ ಒಂದು ವಾಕ್ಯವನ್ನು ಬರೆಯಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಇದು ನಮಗೆ ಗುರುಪರಂಪರೆಯಿಂದ ಬಂದ ಅಭ್ಯಾಸವೆಂದರೂ ಸಲ್ಲುವದು. ನಮಗೆ ಸಂಸ್ಕೃತವನ್ನು ಕಲಿಸಿದ ಗುರುಗಳು ತಮ್ಮ ಅಂತ್ಯಕಾಲದಲ್ಲಿ ನಮಗೊಂದು ಶಬ್ದಮಣಿದರ್ಪಣದ ಪ್ರತಿಯನ್ನು ಕೊಟ್ಟರು. ಕಿಟ್ಟೆಲರು ಸಂಪಾದಿಸಿ ೧೮೭೨ರಲ್ಲಿ ಮಂಗಳೂರಿನಲ್ಲಿ ಮುದ್ರಿಸಿದ ಗ್ರಂಥವದು. ಗುರುಗಳು ಅದರ ಮೊದಲನೆಯ ಹಾಳೆಯ ಮೇಲೆ ಬಿಳಿಯ ಕಾಗದವನ್ನು ಅಂಟಿಸಿ, ಅದರ ಮೇಲೆ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಗಣೇಶಸ್ತುತಿಯನ್ನು ಬರೆದಿದ್ದರು. ಕೇಶಿರಾಜನು ಬೇಕು, ಪಾದ್ರಿಯು ಬೇಡ! ನಾವು ಕಾಗದವನ್ನು ಅಂಟಿಸಿರಲಿಲ್ಲ, ಅಷ್ಟೇ.

ಹುಡುಗನಿಗೆ ಉತ್ತರವನ್ನು ಪುಸ್ತಕದಿಂದ ಹೇಳುವ ಬದಲು ಆ ಜನರು ದುಡಿದ ಸ್ಥಳಗಳನ್ನೇ ನೋಡಿ ಬರಬೇಕೆಂದು ನಾವಿಬ್ಬರೂ ಹೊರಟೆವು. ಘಟಪ್ರಭಾ ಸ್ಟೇಶನ್ನಿಗೆ ಬಂದು ರೈಲನ್ನು ಹಿಡಿದು ಬೆಳಗಾವಿ, ಲೋಂಡಾ ಮಾರ್ಗವಾಗಿ ಧಾರವಾಡವನ್ನು ಸೇರಿದೆವು. ಹಾದಿಯಲ್ಲಿ ಹುಡುಗನಿಗೆ ಹಿನ್ನೆಲೆಯನ್ನು ಹೇಳಿದ್ದಾಯಿತು. ಜರ್ಮನಿಯ ಮಾರ್ಟಿನ್ ಲೂಥರನು ೧೫೧೭ರಲ್ಲಿ ರೋಮಿನ ಗುರುಪೀಠವನ್ನು ಎದುರಿಸಿ ನಿಂತನು. ಲ್ಯಾಟಿನ್ ಪಂಡಿತರ ಕೈಯಲ್ಲಿದ್ದ ಬೈಬಲನ್ನು ಗಾಡಿ ಹೊಡೆಯುವವನಿಗೂ ಅಡಿಗೆಯ ಹೆಣ್ಣುಮಗಳಿಗೂ ತಿಳಿಯುವ ಜರ್ಮನ್ ಮಾತಿಗೆ ತಂದು ೧೫೩೪ರಲ್ಲಿ ಸಂಪೂರ್ಣಗೊಳಿಸಿದನು. ದೇವರ ಮಾತು ಜನರ ಮಾತಿನಲ್ಲಿಯೇ ಇರಬೇಕೆಂಬುದು ಅವನ ಅನುಯಾಯಿಗಳಿಗೆ ರಕ್ತಗತವಾಯಿತು. ನಮ್ಮ ಶರಣರನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು. ೧೮೧೫ರಲ್ಲಿ ಸ್ವಿಟ್ಝರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಶನ್ನಿನಲ್ಲಿ ಬೇರೆ ಪಂಥದವರೂ ಇದ್ದರು. ಆದರೆ ಕನ್ನಡ ನಾಡಿಗೆ ಬಂದವರಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಲೂಥರನ್ ಮನೆತನಗಳವರು. ಊರೂರಿನ ಭಾಷೆಯನ್ನು ಮೊದಲು ಕಲಿಯದೆ ಬೋಧನೆಗೆ ನಿಲ್ಲುವದು ಅವರಿಗೆ ಅಸಾಧ್ಯವಾಗಿತ್ತು.

ಧಾರವಾಡದಲ್ಲಿ ಅವರು ೧೮೩೭ರಲ್ಲಿ ನೆಲೆಯೂರಿದರು. ಅವರ ಹೆಸರಿನ ಹಾಯಸ್ಕೂಲು, ಕಿಟ್ಟೆಲ್ ಕಾಲೇಜು, ಹೆಬಿಕ್ ಸ್ಮಾರಕ ದೇವಾಲಯ ಇವು ಊರಿನವರಿಗೆಲ್ಲ ಪರಿಚಿತವಾದವು. ದೇವಾಲಯದ ಅಂಗಳದಲ್ಲಿ ಬೇವಿನ ನೆರಳಿನಲ್ಲಿ ಒಬ್ಬ ವೃದ್ಧ ಸಭಾಪಾಲಕರು ನಮಗೆ ಭೆಟ್ಟಿಯಾದರು. ಅವರ ಹಿರಿಯರು ನೇಕಾರರಂತೆ. ನಾವು ಕಿಟ್ಟೆಲರ ಕನ್ನಡಸೇವೆಯನ್ನು ಬಹುವಾಗಿ ಕೊಂಡಾಡಿದೆವು. ಅವರು ಸಮಾಧಾನದಿಂದ ಕೇಳಿ, “ಮಾಸ್ತರರೇ, ಎಲ್ಲರೂ ಹೀಗೇ ಹೇಳತಾರ. ಅವರು ಯಾವ ಕೆಲಸಕ್ಕಾಗಿ ಬಂದರೋ ಅದನ್ನ ಬಿಟ್ಟು ಉಳಿದದ್ದನ್ನ ಮೆಚ್ಚತಾರ. ನಮ್ಮ ಮುತ್ತಜ್ಜನ್ನ ಯಾರೂ ಬಾಗಿಲೊಳಗ ಕರೀದಿದ್ದಾಗ ಅವರು ಕರೆದು ಕೂಡಿಸಿದರು. ನಮಗ ಅವರು ನಿಘಂಟು ಬರೆದವರಲ್ಲ, ಪಾಲಕರು” ಎಂದರು. ನಾವು ಮರುಮಾತಾಡಲಿಲ್ಲ. ಗುರುಗಳು ಅಂಟಿಸಿದ ಕಾಗದವು ನೆನಪಿಗೆ ಬಂದಿತು.

ಹಾಗೆಂದು ಬಂದ ಕೆಲಸವು ಅವರೆಲ್ಲರಿಗೂ ಕೈಗೂಡಿತೆಂದಲ್ಲ. ಈ ಸೀಮೆಯ ಕಾಲಜ್ಞಾನಪಂಥದವರು ತಂಡೋಪತಂಡವಾಗಿ ತಮ್ಮನ್ನು ಸೇರುವರೆಂದು ನಂಬಿ ಗದಗದ ಹತ್ತಿರದ ಮಲ್ಲಸಮುದ್ರದಲ್ಲಿ ೧೮೪೧ರಲ್ಲಿ ಒಂದು ಒಕ್ಕಲುತನದ ವಸತಿಯನ್ನೇ ಕಟ್ಟಿದರು. ನಿರೀಕ್ಷಿಸಿದ ಜನರು ಬರಲೇ ಇಲ್ಲ.

ಧಾರವಾಡದಿಂದ ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ಅರಬೈಲ ಘಟ್ಟವನ್ನಿಳಿದು, ಅಂಕೋಲೆಯಿಂದ ಕಡಲತೀರವನ್ನು ಹಿಡಿದು ಮಂಗಳೂರಿಗೆ ಹೋದೆವು. ಮೋಟಾರಿನಲ್ಲಿ ಕುಳಿತೇ ನಮ್ಮ ಸೊಂಟವು ಸೋತಿತು. ಇಂಥ ಘಟ್ಟಗಳನ್ನು ಆ ಜನರು ನಡೆದೂ ಕುದುರೆಯ ಮೇಲೂ ಹತ್ತಿಳಿಯುತ್ತಿದ್ದರು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮೊತ್ತಮೊದಲು ೧೮೩೪ರ ಅಕ್ಟೋಬರದಲ್ಲಿ ಮಂಗಳೂರನ್ನು ಸೇರಿದರು. ಇವರಲ್ಲಿ ಹೆಬಿಕರು ಮುಂದೆ ಕಣ್ಣನೂರಿನಲ್ಲಿ ನೆಲೆಸಿ, ಉದ್ದನೆಯ ಗಡ್ಡವನ್ನು ಬಿಟ್ಟುಕೊಂಡು, ಜಾತ್ರೆಗಳಲ್ಲಿ ನಿಂತು ಬೋಧಿಸಿ ಕಲ್ಲೇಟುಗಳನ್ನು ತಿಂದವರು. ಪರರ ಜಾತ್ರೆಯಲ್ಲಿ ನಿಂತು ಪರರ ದೇವರನ್ನು ಹಳಿಯುವದು ನಮಗೆ ಸರಿದೋರುವದಿಲ್ಲ. ಕಲ್ಲು ಬಿದ್ದ ಮೇಲೂ ಮರುವರ್ಷ ಅಲ್ಲಿಗೇ ಹೋದ ಧೈರ್ಯವನ್ನು ಮಾತ್ರ ಅಲ್ಲಗಳೆಯಲಾರೆವು.

ಬಲ್ಮಠದ ಗುಡ್ಡವು ಪೇಟೆಯ ಗದ್ದಲದ ನಡುವೆಯೂ ತಂಪಾಗಿರುವದು. ಇಲ್ಲಿಯ ಮುದ್ರಣಾಲಯವು ೧೮೪೧ರಲ್ಲಿ ಹುಟ್ಟಿತು. ಹರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ೧ರಂದು ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯದು. ಇಂದಿಗೂ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುವರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ ೧೮೩೬ರಲ್ಲಿ ಇಲ್ಲಿಗೆ ಬಂದ ಮೋಗ್ಲಿಂಗರು ತಮ್ಮ ಬಂಧು ವೈಗಲರೊಡನೆ ಕನ್ನಡದ ಹಳೆಯ ಕಾವ್ಯಗಳನ್ನು ಓಲೆಗರಿಗಳಿಂದ ಅಚ್ಚಿಗೆ ತಂದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಆ ಮಾಲೆಯಲ್ಲಿಯೇ ಅಚ್ಚಾದವು. ವಾಚಕರೇ, ಪಾದ್ರಿಯೊಬ್ಬನು ದಾಸರ ಪದಗಳನ್ನು ಅಚ್ಚು ಹಾಕುವದೆಂದರೇನು! ಜನರ ಮನಸ್ಸನ್ನು ಅರಿಯುವದಕ್ಕಾಗಿ ಎಂದು ಆರಂಭಿಸಿದ ಕೆಲಸದಲ್ಲಿ ಅವರ ಮನಸ್ಸೇ ಸಿಕ್ಕಿಕೊಂಡಿತೆಂದು ತೋರುವದು.

ಆದರೆ ಬಲ್ಮಠದಲ್ಲಿ ನಮ್ಮನ್ನು ಬಹಳ ಹೊತ್ತು ಕಾಡಿದ ಸಂಗತಿಯು ಬೇರೆಯದು. ೧೮೪೪ರ ಜನವರಿಯಲ್ಲಿ ಆನಂದರಾಯ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಮೋಗ್ಲಿಂಗರಿಂದ ದೀಕ್ಷಾಸ್ನಾನವನ್ನು ಪಡೆದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಅವರ ಕೈಹಿಡಿದ ಹೆಂಡತಿಯು ಅವರೊಡನೆ ಬರಲಿಲ್ಲ. ಅವರು ಬಾಸೆಲ್ಲಿಗೆ ಹೋಗಿ ಓದಿ, ೧೮೫೧ರಲ್ಲಿ ಬೋಧಕಪದವಿಯನ್ನು ಪಡೆದು, ಮರಳಿ ಬಂದು ಇಲ್ಲಿಯೇ ತರುಣ ಬೋಧಕರಿಗೆ ಪಾಠ ಹೇಳಿದರು, ಕೊಡಗಿನಲ್ಲಿ ದಲಿತ ಒಕ್ಕಲುಗಳಿಗಾಗಿ ಆನಂದಪುರವನ್ನು ನೆಲೆಗೊಳಿಸುವದರಲ್ಲಿ ಮೋಗ್ಲಿಂಗರಿಗೆ ನೆರವಾದರು, ೧೮೯೩ರಲ್ಲಿ ತೀರಿಕೊಂಡರು. ಒಂದು ಜೀವನವು ಧನ್ಯವಾಯಿತೆನ್ನೋಣ. ಆದರೆ ತಂದೆತಾಯಿಗಳ ಮನೆಯಲ್ಲಿಯೇ ಉಳಿದ ಆ ಹೆಣ್ಣುಮಗಳ ಗತಿಯೇನು? ಸಭಾಪಾಲಕರ ಮುತ್ತಜ್ಜನಿಗೆ ತೆರೆದ ಬಾಗಿಲೇ ಈಕೆಗೆ ಮುಚ್ಚಿದ ಬಾಗಿಲಾಯಿತು. ನಾವು ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಲು ಶಕ್ತರಲ್ಲ.

ಇನ್ನು ಹುಡುಗನು ಕೇಳಿದ ಮನುಷ್ಯನ ವಿಷಯ. ಫರ್ಡಿನಾಂಡ್ ಕಿಟ್ಟೆಲರು ೧೮೩೨ರ ಏಪ್ರಿಲ್ ೭ರಂದು ಜರ್ಮನಿಯ ಉತ್ತರ ಕಡಲತೀರದ ರೆಸ್ಟರ್‌ಹಾಫೆ ಎಂಬಲ್ಲಿ ಧರ್ಮಬೋಧಕರ ಮಗನಾಗಿ ಹುಟ್ಟಿದರು. ೧೮೫೩ರಲ್ಲಿ ಇಲ್ಲಿಗೆ ಬಂದು ಮೊದಲು ಧಾರವಾಡದ ಕಡೆಗೆ ಕನ್ನಡವನ್ನು ಕಲಿತರು. ಜನರಂತೆಯೇ ಬಾಳಬೇಕೆಂಬ ಅವರ ಹಟವು ಮಿಶನ್ನಿನ ಹಿರಿಯರಿಗೆ ಸರಿಬೀಳಲಿಲ್ಲ. ಏಸುವಿನ ಚರಿತ್ರೆಯನ್ನು ೧೮೬೨ರಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಕನ್ನಡದ ಪದ್ಯಬಂಧದಲ್ಲಿಯೇ ಬರೆದರು. ಮೊದಲನೆಯ ಪತ್ನಿಯು ಭಾರತದಲ್ಲಿಯೇ ತೀರಿಹೋಗಲು ಆಕೆಯ ಸೋದರಿಯನ್ನು ಮದುವೆಯಾದರು. ದೇಹಸ್ವಾಸ್ಥ್ಯವು ಕೆಟ್ಟು ೧೮೭೭ರಲ್ಲಿ ಜರ್ಮನಿಗೆ ಹೋದರೂ, ನಿಘಂಟು ಅರ್ಧಕ್ಕೆ ನಿಂತಿತೆಂದು ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು ೧೮೮೩ರಲ್ಲಿ ಮರಳಿ ಬಂದರು. ಸುಮಾರು ೭೦,೦೦೦ ಶಬ್ದಗಳ ಆ ಗ್ರಂಥವು ೧೮೯೪ರಲ್ಲಿ ಹೊರಬಂದಾಗ ಅವರಿಗೆ ಅರವತ್ತೆರಡು ವರ್ಷ. ನಮ್ಮಂಥವರು ನಿವೃತ್ತಿವೇತನದ ಕಾಗದವನ್ನು ಪಡೆದು ಆರಾಮಖುರ್ಚಿಯನ್ನು ಕೊಳ್ಳುವ ವಯಸ್ಸು! ವ್ಯಾಕರಣವನ್ನು ೧೯೦೩ರಲ್ಲಿ ಪ್ರಕಟಿಸಿ ಅದೇ ವರ್ಷದ ಡಿಸೆಂಬರದಲ್ಲಿ ಟ್ಯೂಬಿಂಗೆನ್ನಿನಲ್ಲಿ ದೇಹವನ್ನು ಬಿಟ್ಟರು.

ಬಲ್ಮಠದ ಗ್ರಂಥಾಲಯದಲ್ಲಿ ಆ ನಿಘಂಟಿನ ಮುನ್ನುಡಿಯನ್ನು ನಾವು ಮೊದಲ ಬಾರಿಗೆ ಪೂರ್ಣವಾಗಿ ಓದಿದೆವು. ಹೌದು, ಮೊದಲ ಬಾರಿಗೆ! ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದವೆಂದು ಅವರು ನಂಬಿದ ನಾನೂರಕ್ಕೂ ಮೇಲ್ಪಟ್ಟ ಶಬ್ದಗಳ ಪಟ್ಟಿಯು ಅಲ್ಲಿರುವದು. ಕನ್ನಡವೆಲ್ಲ ಸಂಸ್ಕೃತದ ಮಗಳೆಂದು ನಮ್ಮ ಗುರುಗಳು ಕಲಿಸಿದ್ದರು. ನಾವೂ ಕೆಲವು ಕಾಲ ಹಾಗೆಯೇ ಕಲಿಸಿದೆವು. ಅಮರಕೋಶದಲ್ಲಿ ಬಾಯಿಪಾಠ ಮಾಡಿದ ನೀರ, ಮೀನ ಮುಂತಾದ ಮಾತುಗಳು ನಮ್ಮ ಹಿತ್ತಲಿನಿಂದಲೇ ಹೋದವೆಂದು ವಿದ್ವಾಂಸರು ಈಗ ಹೇಳುವರು. ಕಬ್ಬು ಇಕ್ಷುವಿನಿಂದ ಬಂದಿತೇ ಎಂದು ಹುಡುಗನು ಕೇಳಿದ್ದಕ್ಕೆ ಇಷ್ಟು ದೊಡ್ಡ ಉತ್ತರವಿರುವದೆಂದು ನಾವು ತಿಳಿದಿರಲಿಲ್ಲ. ನಮ್ಮ ಭಾಷೆಗೆ ತನ್ನದೇ ಬೇರುಂಟೆಂದು ತೋರಿಸಿಕೊಟ್ಟವರು ನಮ್ಮ ದೇವರನ್ನು ಬಿಡಿಸಲು ಬಂದವರು!

“ಅಂದರ ನಿಘಂಟು ಬರೀಲಿಕ್ಕೆ ಬಂದವರಲ್ಲ” ಎಂದನು ಹುಡುಗ.

“ಅಲ್ಲ. ತಮ್ಮ ದೇವರ ಮಾತನ್ನು ನಮಗೆ ತಿಳಿಸಲಿಕ್ಕೆ ಬಂದರು. ಅದಕ್ಕೆ ನಮ್ಮ ಮಾತು ಬೇಕಾಯಿತು” ಎಂದೆವು.

ಕಬ್ಬೂರನ್ನು ಮುಟ್ಟುವಾಗ ರಾತ್ರಿ ಹನ್ನೊಂದಾಗಿತ್ತು; ಕಬ್ಬಿನ ಗಾಡಿಯೊಂದು ಹಾದಿಗೆ ಅಡ್ಡವಾಗಿ ಮುರಿದು ಬಿದ್ದದ್ದರಿಂದ ಕೊನೆಯ ಹರದಾರಿಯನ್ನು ನಡೆದೇ ಬಂದೆವು. ಮರುದಿನ ಗುರುಗಳ ಶಬ್ದಮಣಿದರ್ಪಣವನ್ನು ಬಿಸಿಲಿಗೆ ಹಿಡಿದು ನೋಡಿದೆವು. ಅಂಟಿಸಿದ ಕಾಗದದ ಹಿಂದೆ ಕಿಟ್ಟೆಲರ ಹೆಸರೂ ಮಂಗಳೂರೂ ಮಸುಕಾಗಿ ಕಾಣುತ್ತಿದ್ದವು. ಒದ್ದೆಯ ಬಟ್ಟೆಯಿಂದ ಬಿಡಿಸೋಣವೇ ಎಂದು ಹುಡುಗನು ಕೇಳಿದನು. ಗುರುಗಳ ಕೈಬರಹವು ಹಾಳಾಗುವದೆಂದು ನಾವು ಒಪ್ಪಲಿಲ್ಲ. ಎದುರಿನ ಖಾಲಿ ಪುಟದ ಮೇಲೆ, ಕಿಟ್ಟೆಲರ ಹೆಸರನ್ನೂ ೧೮೭೨ ಎಂಬ ಇಸವಿಯನ್ನೂ ಅವರು ಲೂಥರನ್ ಬೋಧಕರೆಂಬುದನ್ನೂ ಅವನ ಕೈಯಿಂದಲೇ ಬರೆಯಿಸಿ ಗ್ರಂಥವನ್ನು ಕಪಾಟಿನಲ್ಲಿಟ್ಟೆವು.