ಉಂಡೆಲೆಯ ಹೊಣೆ

ಉಣಬಡಿಸುವವನ ಕಾರ್ಯವು ಎಲ್ಲಿಗೆ ಮುಗಿಯುತ್ತದೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ಇರಿಸಿದವನು ಪಂಡಿತನಲ್ಲ. ಮಿರ್ಚಿ ಭಜಿ ಮಾರುವ ಒಬ್ಬ ಸಾಮಾನ್ಯ ವ್ಯಾಪಾರಿ.

ಮಠದ ಮುಂದಿನ ರಸ್ತೆಯಲ್ಲಿ ಹಿಂದೆ ಎರಡೇ ಚಹದ ಅಂಗಡಿಗಳಿದ್ದವು. ಚಹವು ಗಾಜಿನ ಲೋಟದಲ್ಲಿ, ಚುರುಮುರಿಯು ಹಳೆಯ ಕಾಗದದ ತುಂಡಿನಲ್ಲಿ ದೊರೆಯುತ್ತಿತ್ತು. ಇಂದು ಸಂಜೆಯಾದೊಡನೆ ಗಿರಮಿಟ್ಟು, ಭಜಿ, ಗೋಬಿ ಮಂಚೂರಿಗಳ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಹಸಿದು ಬಂದ ವಿದ್ಯಾರ್ಥಿಗೂ ಕೂಲಿಕಾರನಿಗೂ ಐದು ನಿಮಿಷದಲ್ಲಿ ಬಿಸಿ ತಿನಿಸು ಸಿಗುವುದು ಒಳ್ಳೆಯದೇ ಸರಿ. ಆದರೆ ಆ ಐದು ನಿಮಿಷಕ್ಕೆಂದು ಬಳಸಿದ ತಟ್ಟೆ, ಲೋಟ, ಚಮಚಗಳು ಬೆಳಗಾಗುವಷ್ಟರಲ್ಲಿ ಚರಂಡಿಯನ್ನು ಸೇರಿರುತ್ತವೆ. ಉಳಿದ ಅನ್ನದ ವಾಸನೆಗೆ ದನಗಳು ಪ್ಲಾಸ್ಟಿಕ್ ಚೀಲವನ್ನೇ ನುಂಗುತ್ತವೆ. ಅದು ಕರಗದೆ ಅವುಗಳ ಹೊಟ್ಟೆಯಲ್ಲಿಯೇ ಉಳಿಯುತ್ತದೆ.

ಇದನ್ನು ಕಂಡು ಆ ವ್ಯಾಪಾರಿಯನ್ನು ಕರೆಯಿಸಿ ಬುದ್ಧಿ ಹೇಳಿದೆವು. ಕರ್ನಾಟಕ ಸರಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದುದನ್ನೂ, 2022ರ ಜುಲೈ 1ರಿಂದ ಇಂಥ ಹಲವು ಏಕಬಳಕೆಯ ವಸ್ತುಗಳಿಗೆ ದೇಶದಾದ್ಯಂತ ತಡೆ ಬಂದುದನ್ನೂ ನೆನಪಿಸಿದೆವು. ಆತನು ಕೈಮುಗಿದು ಎಲ್ಲವನ್ನೂ ಕೇಳಿದನು. ಬಳಿಕ ಮೆಲ್ಲನೆ, "ತಪ್ಪು ತಿಳಕೋಬ್ಯಾಡ್ರಿ ಅಜ್ಜಾರ, ಜಾತ್ರಿ ಮರುದಿನ ಮಠದ ಹಿಂದಿನ ಹಳ್ಳ ನೋಡೀರೇನ್ರಿ?" ಎಂದನು.

ನಮಗೆ ಮಾತು ಹೊರಡಲಿಲ್ಲ. ದಾಸೋಹಕ್ಕೆಂದು ಮಠವೇ ತರಿಸಿದ್ದ ಥರ್ಮೋಕೋಲ್ ತಟ್ಟೆಗಳೂ ಕಾಗದದ ಲೋಟಗಳೂ ಆ ಹಳ್ಳದಲ್ಲಿ ರಾಶಿ ಬಿದ್ದಿದ್ದವು. ಕಾಗದದ ಲೋಟವೆಂದು ನಾವು ಸಮಾಧಾನಪಡುತ್ತೇವೆ. ಅದರ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುವಾದ ಲೇಪವಿರುತ್ತದೆ. ಉಚಿತ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಉಂಡ ತಟ್ಟೆಯನ್ನು ತಾನೇ ತೊಳೆದಿಡುವುದು ನಮಗೆ ಮೊದಲ ಪಾಠವಾಗಿತ್ತು. ಅನುಕೂಲದ ಹೆಸರಿನಲ್ಲಿ ಆ ಪಾಠವನ್ನು ನಾವೇ ಮರೆತಿದ್ದೆವು.

ಮರುವರ್ಷದ ಜಾತ್ರೆಗೆ ಉಕ್ಕಿನ ತಟ್ಟೆಗಳನ್ನೂ ಮುತ್ತಲದೆಲೆಯ ಪತ್ರಾವಳಿಗಳನ್ನೂ ತರಿಸಿದೆವು. ಉಂಡ ಎಲೆಗಳು ಗೊಬ್ಬರದ ಗುಂಡಿಗೆ ಹೋದವು. ತಟ್ಟೆ ತೊಳೆಯಲು ಹಳೆಯ ವಿದ್ಯಾರ್ಥಿಗಳು ಸರದಿಯ ಮೇಲೆ ನಿಂತರು. ಆ ಬಳಿಕವೇ ಗಾಡಿಯವರನ್ನು ಮತ್ತೆ ಕರೆದು ಮಾತನಾಡುವ ಧೈರ್ಯ ನಮಗೆ ಬಂದಿತು. ಭಜಿಯ ವ್ಯಾಪಾರಿಯು ತಾನಾಗಿ ಉಕ್ಕಿನ ತಟ್ಟೆಗಳನ್ನು ಕೊಂಡನು. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಡಬ್ಬಿ ಇಟ್ಟನು. ಗಾಡಿ ಮುಚ್ಚುವ ಮುನ್ನ ಸುತ್ತಲಿನ ಹತ್ತು ಹೆಜ್ಜೆಯ ನೆಲವನ್ನು ಗುಡಿಸುತ್ತಾನೆ. ತೊಳೆಯುವ ಆಳಿನ ಕೂಲಿ ಹೆಚ್ಚಿತೆಂಬುದು ನಿಜ. ದಿನದಿನವೂ ತಟ್ಟೆ ಕೊಳ್ಳುವ ವೆಚ್ಚ ತಪ್ಪಿತೆಂಬುದೂ ನಿಜ. ಎಲ್ಲ ಗಾಡಿಯವರೂ ಇನ್ನೂ ಬದಲಾಗಿಲ್ಲ. ಅವಸರದ ವ್ಯಾಪಾರಕ್ಕೆ ಇದು ಸಾಗದೆಂದು ಕೆಲವರು ಹೇಳುತ್ತಾರೆ. ಬೆಂಗಳೂರಿನ ಅನೇಕ ದರ್ಶಿನಿಗಳಲ್ಲಿ ನಿಂತು ತಿನ್ನುವವರಿಗೂ ಅವಸರವೇ ಉಂಟು. ಆದರೂ ಅಲ್ಲಿ ಉಕ್ಕಿನ ತಟ್ಟೆಯು ನಡೆದುಬಂದಿದೆ.

ಮಠದಲ್ಲಿ ಓದಿ ಹೋದವರಲ್ಲಿ ಖಾನಾವಳಿ, ಉಪಾಹಾರಗೃಹಗಳನ್ನು ನಡೆಸುವವರು ಹಲವರಿದ್ದಾರೆ. ಅವರಲ್ಲಿ ನಮ್ಮದೊಂದು ಬಿನ್ನಹ. ಮನೆಯಿಂದ ಡಬ್ಬಿ ತಂದವರಿಗೆ ಒಂದೆರಡು ರೂಪಾಯಿ ಬಿಟ್ಟುಕೊಡಿರಿ. ಕೇಳದವರಿಗೆ ಚಮಚ, ಚೀಲಗಳನ್ನು ಕೊಡಬೇಡಿರಿ. ಅಂಗಡಿಯ ಮುಂದಿನ ನೆಲವನ್ನೂ ಅಂಗಡಿಯೆಂದೇ ಭಾವಿಸಿರಿ. ತಿನ್ನುವವರೂ ಹೊಣೆಯಿಂದ ಹೊರತಲ್ಲ. ಡಬ್ಬಿಯ ತನಕ ನಾಲ್ಕು ಹೆಜ್ಜೆ ನಡೆಯುವುದು ಯಾರಿಗೂ ಭಾರವಾಗದು.

ಹಣವನ್ನು ಎಣಿಸಿಕೊಂಡಾಗ ಉಣಬಡಿಸುವವನ ಕಾರ್ಯ ಮುಗಿಯುವುದಿಲ್ಲ. ಉಂಡ ಎಲೆಯು ಸೇರಬೇಕಾದ ಸ್ಥಳವನ್ನು ಸೇರಿದಾಗ ಮುಗಿಯುತ್ತದೆ. ಇದನ್ನು ನಾವು ಇತರರಿಗೆ ಹೇಳಹೊರಟು, ಒಬ್ಬ ಭಜಿಯ ವ್ಯಾಪಾರಿಯಿಂದ ಕಲಿತುಬಂದೆವು.