ಕೊಡುವ ಕೈ, ಪಡೆಯುವ ಕೈ

ಕೊಡುವುದು ಹಿರಿಯ ಗುಣವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಪಡೆಯುವುದೂ ಒಂದು ಗುಣವೆಂದು ನಮಗೆ ಯಾರೂ ಹೇಳಿದಂತಿಲ್ಲ. ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಇದು ಲೋಕದ ರೂಢಿ. ಈ ಎರಡು ಕೈಗಳನ್ನೂ ಒಂದೇ ಮಟ್ಟದಲ್ಲಿರಿಸಲು ಹೊರಟ ಸಂಸ್ಥೆಯೊಂದರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಂಸ್ಥೆಯ ಹೆಸರು ಡೋಲೆನ್ ಕಮ್ರಿ. ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್ ನಾಡಿನ ಭಾಷೆಯಲ್ಲಿ ಡೋಲೆನ್ ಎಂದರೆ ಕೊಂಡಿ. ಕಮ್ರಿ ಎಂದರೆ ವೇಲ್ಸ್. 1985ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ವೇಲ್ಸನ್ನು ಆಫ್ರಿಕಾದ ದಕ್ಷಿಣ ಭಾಗದ ಲೆಸೊಥೊ ರಾಜ್ಯದೊಡನೆ ಬೆಸೆಯಿತು. ಊರಿಗೂ ಊರಿಗೂ ನಂಟು ಕಲ್ಪಿಸುವ ಪದ್ಧತಿ ಯೂರೋಪಿನಲ್ಲಿ ಮೊದಲೇ ಇದ್ದಿತು. ಇಲ್ಲಿ ನಾಡಿಗೂ ನಾಡಿಗೂ ನಂಟಾಯಿತು. ಇಥಿಯೋಪಿಯದ ಕ್ಷಾಮಕ್ಕಾಗಿ ಲಂಡನ್ನಿನಲ್ಲಿ ಮಹಾ ಸಂಗೀತೋತ್ಸವ ನಡೆದು ಹಣ ಸೇರಿದ್ದೂ ಅದೇ ವರ್ಷ. ಆ ಹಣದಿಂದ ಹಸಿದವರಿಗೆ ಅನ್ನ ದೊರೆತುದು ನಿಜ. ಆದರೆ ಆಫ್ರಿಕಾ ಎಂದರೆ ಒಣಗಿದ ಕೂಸಿನ ಚಿತ್ರವೆಂಬ ಭಾವನೆಯೂ ಅನೇಕರ ಮನಸ್ಸಿನಲ್ಲಿ ಬೇರೂರಿತು. ಅಂತಹ ಕಾಲದಲ್ಲಿ ಈ ಸಂಸ್ಥೆಯವರು ಆಫ್ರಿಕಾದಲ್ಲಿ ಸ್ನೇಹಿತರನ್ನು ಅರಸಿದರು.

ಲೆಸೊಥೊವನ್ನೇ ಆರಿಸಿದುದಕ್ಕೆ ಕಾರಣಗಳಿದ್ದವು. ಎರಡೂ ಚಿಕ್ಕ ನಾಡುಗಳು, ಎರಡೂ ಬೆಟ್ಟದ ಸೀಮೆಗಳು. ಲೆಸೊಥೊವಂತೂ 1,000 ಮೀಟರಿಗಿಂತ ತಗ್ಗಿನ ನೆಲವೇ ಇಲ್ಲದ ರಾಷ್ಟ್ರ. ಅದರ ಸುತ್ತಲೂ ಹಬ್ಬಿರುವುದು ದಕ್ಷಿಣ ಆಫ್ರಿಕಾ ಒಂದೇ. 1966ರವರೆಗೆ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಅಲ್ಲಿ ಇಂಗ್ಲಿಷಿನ ಜೊತೆಗೆ ಸೆಸೊಥೊ ಭಾಷೆಯುಂಟು. ಇಲ್ಲಿ ಇಂಗ್ಲಿಷಿನ ಜೊತೆಗೆ ವೆಲ್ಷ್. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಕೆಲವು ಶಾಲೆಗಳಲ್ಲಿ ಮಾತೃಭಾಷೆಯನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. 2021ರ ಜನಗಣತಿಯಂತೆ ಆ ನಾಡಿನಲ್ಲಿ ನೂರಕ್ಕೆ ಸುಮಾರು 18 ಜನರಷ್ಟೇ ವೆಲ್ಷ್ ಬಲ್ಲವರು. ದೊಡ್ಡವರ ನೆರೆಯಲ್ಲಿ ಚಿಕ್ಕವರಾಗಿ ಬಾಳುವ ಕಷ್ಟ ಎರಡು ನಾಡಿನವರಿಗೂ ಗೊತ್ತಿದ್ದಿತು.

ಸಂಸ್ಥಾಪಕರಾದ ಡಾ. ಕಾರ್ಲ್ ಕ್ಲೌಸ್ ವೇಲ್ಸಿನ ವಾಯವ್ಯದ ಹಳ್ಳಿಯೊಂದರ ವೈದ್ಯರಾಗಿದ್ದರು. ಮಕ್ಕಳು ಕಡಿಮೆಯಾದರೆಂದು ಆ ಹಳ್ಳಿಯ ಶಾಲೆಯನ್ನು ಮುಚ್ಚಲು ಅಧಿಕಾರಿಗಳು ಹೊರಟಾಗ, ಊರವರನ್ನು ಕೂಡಿಕೊಂಡು ಹೋರಾಡಿ ಅವರು ಅಂದು ಅದನ್ನು ಉಳಿಸಿದರು. 1974ರಲ್ಲಿ ಊರವರಿಗೆ ಉದ್ಯೋಗ ಕಲ್ಪಿಸಲು ಸಹಕಾರ ಸಂಘವನ್ನೂ ಕಟ್ಟಿದರು. ತನ್ನ ಹಳ್ಳಿಯ ಶಾಲೆಗಾಗಿ ದುಡಿದವನಿಗೆ ದೂರದ ಹಳ್ಳಿಯ ಶಾಲೆ ಪರಕೀಯವೆನಿಸದು.

ಕೆಲಸದ ರೀತಿ ಸರಳವಾದುದು. ವೇಲ್ಸಿನ ಶಾಲೆಗೂ ಲೆಸೊಥೊದ ಶಾಲೆಗೂ ಜೊತೆ ಕಟ್ಟುವರು; ಮಕ್ಕಳು ಪರಸ್ಪರ ಪತ್ರ ಬರೆಯುವರು. ವೇಲ್ಸಿನ ಉಪಾಧ್ಯಾಯರು ಅಲ್ಲಿಗೆ ತೆರಳಿ, ತಿಂಗಳುಗಟ್ಟಲೆ ನಿಂತು, ಅಲ್ಲಿನ ಉಪಾಧ್ಯಾಯರೊಡನೆ ಪಾಠ ಹೇಳುವರು. ಅಲ್ಲಿಯವರು ಇಲ್ಲಿಗೆ ಬರುವರು. ಉತ್ತರ ವೇಲ್ಸಿನ ವೈದ್ಯರಿಗೂ ದಾದಿಯರಿಗೂ ಕುಥಿಂಗ್ ಎಂಬ ಊರಿನ ಆಸ್ಪತ್ರೆಯೊಡನೆ ಇಂತಹುದೇ ನಂಟುಂಟು. ಮನುಷ್ಯನು ಮನುಷ್ಯರಿಂದಲೇ ಮನುಷ್ಯನಾಗುತ್ತಾನೆಂಬ ಗಾದೆ ಸೆಸೊಥೊದಲ್ಲಿದೆ. ಹೀಗೆ ಹೋಗಿಬರುವವರಿಗೆ ಅದರ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಇದನ್ನೆಲ್ಲ ಈ ಸಂಚಿಕೆಯಲ್ಲಿ ಬರೆಯಲು ಕಾರಣವುಂಟು. ನಾನು ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ವರ್ಷಕ್ಕೊಮ್ಮೆ ಧನಿಕರೊಬ್ಬರು ಪುಸ್ತಕಗಳನ್ನು ಹಂಚುತ್ತಿದ್ದರು. ವೇದಿಕೆಗೆ ಕರೆಯುವಾಗ ನಮ್ಮ ಹೆಸರಿನ ಹಿಂದೆ ‘ಬಡ ವಿದ್ಯಾರ್ಥಿ’ ಎಂಬ ಬಿರುದು ಸೇರುತ್ತಿತ್ತು. ಪುಸ್ತಕ ಉಪಯೋಗಕ್ಕೆ ಬಂದಿತು. ಬಿರುದು ಮಾತ್ರ ಬಹುಕಾಲ ಚುಚ್ಚಿತು. ಅದೇ ಶಾಲೆಗೆ ಮರಾಠಿ ಗೃಹಸ್ಥರೊಬ್ಬರು ಪ್ರತಿ ಶನಿವಾರ ಬಂದು ಲೆಕ್ಕ ಕಲಿಸುತ್ತಿದ್ದರು. ಪಾಠ ಮುಗಿದ ಮೇಲೆ, “ಈಗ ನೀವು ಗುರುಗಳು, ನಾನು ಶಿಷ್ಯ” ಎಂದು ನಮ್ಮ ಬೆಂಚಿನಲ್ಲಿ ಕುಳಿತು ಕನ್ನಡ ಅಕ್ಷರಗಳನ್ನು ತಿದ್ದುತ್ತಿದ್ದರು. ಅವರ ‘ಳ’ಕಾರವನ್ನು ಸರಿಪಡಿಸುವಾಗ ಹೋಟೆಲಿನ ಹುಡುಗರಾದ ನಮಗುಂಟಾಗುತ್ತಿದ್ದ ಗೌರವವನ್ನು ಯಾವ ದಾನವೂ ತಂದುಕೊಡಲಾರದಾಗಿತ್ತು.

ಇಂದು ಈ ನಗರದ ಕನ್ನಡ ಶಾಲೆಗಳ ತರಗತಿಗಳು ಬರಿದಾಗುತ್ತಿವೆ. ಹಳೆಯ ವಿದ್ಯಾರ್ಥಿಗಳ ನೆರವು ಬೇಕೇಬೇಕು, ಹಣವೂ ಬೇಕು. ಆದರೆ ಹಣ ಕೊಟ್ಟು ಹಿಂದಿರುಗಿದರೆ ಕೊಂಡಿ ಬೀಳದು. ನಮ್ಮ ಪೈಕಿ ಅನೇಕರ ಮಕ್ಕಳು ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಿದ್ದಾರೆ. ಅಜ್ಜಿಯ ಪತ್ರವನ್ನು ಓದಲಾರರು. ಬಂಧುಗಳೇ, ಅವರನ್ನು ತಿಂಗಳಿಗೊಂದು ಶನಿವಾರ ಶಾಲೆಗೆ ಕರೆತನ್ನಿ. ನೀವು ನಮ್ಮ ಮಕ್ಕಳಿಗೆ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಿ. ನಮ್ಮ ಮಕ್ಕಳು ನಿಮ್ಮ ಮಕ್ಕಳಿಗೆ ಕನ್ನಡವನ್ನು ಕಲಿಸುವರು. ಯಾರು ಯಾರಿಗೆ ಉಪಕಾರ ಮಾಡಿದರೆಂಬ ಲೆಕ್ಕವನ್ನು ಆಗ ಯಾರೂ ಇಡಬೇಕಾಗಿಲ್ಲ.